ನೆತ್ತಿ ವಾಸನೆ ಬಂತಾ?

ನಾಳೆ ಏನಡುಗೆ ಅಂತ ನಮ್ಮೂರಲ್ಲಿ ಯಾರೂ ಯಾರನ್ನೂ ಕೇಳಲ್ಲ. ಇವತ್ತು ಸಾಯಂಕಾಲ ಅಡುಗೆಮನೇಲಿ ನಿಂತು ಜೋರಾಗಿ ಒಂದ್ಸಲ ಉಸಿರೆಳ್ಕೊಂಡ್ರೆ ಗೊತ್ತಾಗೋಗುತ್ತೆ. ಬದನೆಕಾಯಿ ಎಣ್ಣೆಗಾಯಿ ವಾಸನೆ ಬಂತಾ, ಅಮ್ಮ ಚೀಲ ಹಿಡ್ಕೊಂಡು ಬದನೆಕಾಯಿ ತರಕ್ಕೆ ಹೊರಟ್ಲು. ಇವತ್ತಿನ ವಾಸನೆ ಯಾವ್ದು, ನಾಳೇದು ಯಾವ್ದು ಅಂತ ಕನ್ಫ್ಯೂಸ್ ಆಗಲ್ವಾ ಅಂತ ಹಾಸ್ಟೆಲಲ್ಲಿ ಫ್ರೆಂಡ್ಸೆಲ್ಲ ಕೇಳ್ತಾರೆ. ಆಗಲ್ಲಪ್ಪ. ಇವತ್ತಿನ ವಾಸನೆ ಬೆಚ್ಚಗಿರುತ್ತೆ. ನಾಳೇದು ತಣ್ಣಗೆ ಬಂದು ಮೂಗಿನ ಮೇಲ್ಗಡೆ ಎಲ್ಲೋ ಕೂರುತ್ತೆ, ಮಂಜುಗಡ್ಡೆ ಹತ್ರ ಮುಖ ಇಟ್ಟಂಗೆ.

ದೊಡ್ಡ ವಿಷಯ ಆದ್ರೆ ಇನ್ನೂ ಮುಂಚೆ ಬರುತ್ತೆ. ಸುಣ್ಣ, ಮಲ್ಲಿಗೆ ಎರಡೂ ಒಟ್ಟಿಗೆ ಬಂದ್ರೆ ಮದುವೆ. ಹೊಸ ಸೀಟಿನ ರೆಕ್ಸಿನ್ ವಾಸನೆ ಬಂದಾಗ ಅಪ್ಪ ಇನ್ನೂ "ಸ್ಕೂಟರ್ ಗೀಟರ್ ಏನೂ ಇಲ್ಲ" ಅಂತ ಕೂಗಾಡ್ತಿದ್ರು, ನಾವು ಆಗಲೇ ನಂಬರ್ ಪ್ಲೇಟಿಗೆ ಕುಂಕುಮ ಇಡೋದು ಯಾರು ಅಂತ ಜಗಳ ಆಡ್ತಿದ್ವಿ. ಚೆಂಡುಹೂವು, ಊದುಬತ್ತಿ ಒಟ್ಟಿಗೆ ಬಂದ ಮನೆಯವ್ರು ಯಾರಿಗೂ ಏನೂ ಹೇಳಲ್ಲ. ಸುಮ್ನೆ ತಾತನ್ನ ಒಬ್ಬರನ್ನೇ ಬಿಟ್ಟು ಎಲ್ಲೂ ಹೋಗಲ್ಲ, ಕಾಫಿ ಕೇಳಿದಷ್ಟು ಸಲ ಮಾಡ್ಕೊಡ್ತಾರೆ. ಇನ್ನು ನನ್ನ ಕಥೆ ಕೇಳಿ. ಪಿಯುಸಿಲಿ ಒಬ್ಬ ಹುಡುಗನ ಬಾಡಿ ಸ್ಪ್ರೇ ವಾಸನೆ ಮನೆ ತುಂಬ ಬಂದು, ಅಮ್ಮ ಮಾರನೇ ದಿನ ಬಾಗಿಲಲ್ಲಿ ಪೊರಕೆ ಹಿಡ್ಕೊಂಡು ನಿಂತಿದ್ಲು. ಪಾಪ, ನಂಗೆ ಪ್ರಪೋಸ್ ಮಾಡ್ಬೇಕು ಅಂತ ಅವನಿಗೇ ಇನ್ನೂ ಹೊಳ್ದಿರ್ಲಿಲ್ಲ!

ಮಗು ಆಗೋ ಮನೇಲಿ ಬರೋದು ನೆತ್ತಿ ವಾಸನೆ. ಬಜೆ, ಸಾಂಬ್ರಾಣಿ ಹೊಗೆ, ಹಾಲು, ಅದ್ರ ಜೊತೆ ಹಸುಗೂಸಿನ ನೆತ್ತಿ ಮೂಸಿದ್ರೆ ಬರುತ್ತಲ್ಲ, ಅದು. ಸೀಮಂತದ ಹೊತ್ತಿಗೆಲ್ಲ ಬಂದೇ ಬಂದಿರುತ್ತೆ. ಬಂದ ದಿನ ಬೀದಿಗೆಲ್ಲ ಕೊಬ್ರಿ ಬೆಲ್ಲ ಹಂಚ್ತಾರೆ. ಅದು ಬರೋ ತನಕ ತೊಟ್ಟಿಲು ಇಳಿಸಲ್ಲ, ಕುಲಾವಿ ಹೊಲಿಯಲ್ಲ, ಬಜೆ ಅಂತೂ ಮನೆಗೆ ತರಂಗೇ ಇಲ್ಲ.

ನಮ್ಮಕ್ಕ ನಿವೇದಿತಾ ಬಾಣಂತನಕ್ಕೆ ಅಂತ ಮನೆಗೆ ಬಂದಳು. ನಾನೂ ಹಾಸ್ಟೆಲಿಂದ ರಜೆಗೆ ಬಂದಿದ್ದೆ. ಸೀಮಂತ ಆಯ್ತು. ನೆತ್ತಿ ಬರ್ಲಿಲ್ಲ.

"ಬರುತ್ತೆ ಬಿಡೇ, ಕೆಲವು ಮಕ್ಕಳು ಸೋಮಾರಿ, ನಿನ್ನ ತಂಗಿ ಥರ" ಅಂತ ಪಕ್ಕದ ಮನೆ ಗೌರತ್ತೆ ನಗಾಡಿದ್ರು. ಗೌರತ್ತೆ ಅಂದ್ರೆ ನಮ್ಮ ಬೀದಿಗೇ ದೊಡ್ಡ ಮೂಗು. ಯಾರ ಮನೇಲಿ ನಾಳೆ ಏನು ಅಂತ ಅವ್ರ ಕಾಂಪೌಂಡಲ್ಲೇ ನಿಂತು ಹೇಳ್ತಾರೆ. ಅಕ್ಕಾನೂ ನಕ್ಕಳು. ಆದ್ರೆ ಅವತ್ತಿಂದ ಬೆಳಿಗ್ಗೆ ಎದ್ದ ತಕ್ಷಣ ಅವಳು ಗೋಡೆ ಕಡೆ ತಿರುಗಿ, ಯಾರಿಗೂ ಕಾಣದಂಗೆ ಮೂಗೆಳ್ಕೊಳ್ಳೋದನ್ನ ನಾನು ನೋಡ್ತಿದ್ದೆ.

ಆಮೇಲೆ ಒಂದಿನ ಬೆಳಿಗ್ಗೆ ಬಂತು, ಆದ್ರೆ ನೆತ್ತಿ ಅಲ್ಲ. ನೇಲ್ ಪಾಲಿಶ್ ರಿಮೂವರ್ ಜೊತೆ ಕೊಳೆತ ಮೊಟ್ಟೆ ಕಲಸಿ, ಅದಕ್ಕೆ ಸುಟ್ಟ ವೈರ್ ಹಾಕಿದಂಗೆ ಒಂದು ವಾಸನೆ. ತಣ್ಣಗೆ. ನಾಲಿಗೆ ಮೇಲೆ ಬ್ಯಾಟರಿ ಇಟ್ಕೊಂಡಂಗೆ ಚುರ್ ಅಂತಿತ್ತು. ನಾನು ಹೊರಗೆ ಓಡಿ ಬಂದೆ. ಬೀದಿ ತುಂಬ ಜನ! ಇಸ್ತ್ರಿ ಅಂಗಡಿಯವ್ರು, ಹಾಲಿನವ್ರು, ಟವೆಲಲ್ಲೇ ಬಂದ ಮೇಷ್ಟ್ರು. ನಮ್ಮೂರಲ್ಲಿ ಒಂದೊಂದು ಮನೆಗೆ ಒಂದೊಂದು ವಾಸನೆ ಬರೋದು. ಊರಿಗೆಲ್ಲ ಒಂದೇ ವಾಸನೆ ಯಾವತ್ತೂ ಬಂದಿರ್ಲಿಲ್ಲ. ಗೌರತ್ತೆ ಸೆರಗು ಬಾಯಿಗೆ ಒತ್ಕೊಂಡು ನಿಂತಿದ್ರು. ದೊಡ್ಡ ಮೂಗಿನವ್ರು ಹಂಗೆ ನಿಂತಿದ್ದು ನೋಡಿ ನಾನು ವಾಪಸ್ ಒಳಗೋಡಿ ಅಕ್ಕನ ರೂಮಿನ ಕಿಟಕಿ ಮುಚ್ದೆ.

ಅದು ಏನು ಅಂತ ಗೊತ್ತಾಗಿದ್ದು ಆಮೇಲೆ. ಊರ ಮೇಲ್ಗಡೆ ಹಳೇ ಕಲ್ಲು ಕ್ವಾರಿ ಇದೆ, ಮಳೆ ನೀರು ನಿಂತು ಹಸಿರಾಗಿರೋ ದೊಡ್ಡ ಗುಂಡಿ. ನಮ್ಮ ಬಾವಿಗಳಿಗೆಲ್ಲ ನೀರು ಅಲ್ಲಿಂದಾನೇ ಬಸಿಯೋದು. ಎಲ್ಲೆಲ್ಲಿಂದಲೋ ಕಾರ್ಖಾನೆಗಳ ವಿಷದ ಕಸ ತಂದು ಇನ್ಮುಂದೆ ಅದ್ರೊಳಗೆ ಹೂಳ್ತಾರಂತೆ. ಸರ್ಕಾರಿ ಬೋರ್ಡಲ್ಲಿ ಅದಕ್ಕೆ "ಸುರಕ್ಷಿತ ಭೂಭರ್ತಿ ಘಟಕ" ಅಂತ ಹೆಸರು. ನಮ್ಮ ವಾರ್ಡ್ ಮೆಂಬರ್ ಹಾಲೇಶಿ ಮನೆ ಮುಂದೆ ಜನ ಹೋಗಿ ನಿಂತ್ರೆ, "ಇನ್ನೂ ಏನೂ ಫೈನಲ್ ಆಗಿಲ್ಲ ಕಣ್ರಪ್ಪ, ಆಗಿದ್ರೆ ನಂಗೇ ಮೊದ್ಲು ಗೊತ್ತಾಗ್ತಿತ್ತು" ಅಂದ. ಮಾತಾಡೋವಾಗ ಮೂಗಿಗೆ ಹತ್ತಿ ಇಟ್ಕೊಂಡಿದ್ದ!

ಅಹವಾಲು ಸಭೆ ಅಂತ ಮಾಡಿದ್ರು. ಮೇಲಿಂದ ಬಂದ ಅಧಿಕಾರಿ ತುಂಬ ಡೀಸೆಂಟಾಗಿ, "ಯಾವ ವಾಸನೆ ಬಗ್ಗೆ ಹೇಳ್ತಿದೀರಿ? ನಂಗೇನೂ ಬರ್ತಿಲ್ವಲ್ಲ. ಘಟಕಾನೇ ಇನ್ನೂ ಇಲ್ಲ, ವಾಸನೆ ಎಲ್ಲಿಂದ ಬರ್ಬೇಕು?" ಅಂದ್ರು. ಅವ್ರದ್ದು ಸುಳ್ಳಲ್ಲ. ಹೊರಗಿನವ್ರಿಗೆ ನಮ್ಮ ಮೂಗು ಬರಲ್ಲ. ಬರ್ಬೇಕಂದ್ರೆ ನಮ್ಮೂರ ಊಟ ಹೊಟ್ಟೆಗೆ ಬೀಳ್ಬೇಕು, ಮೇಲೆ ಒಂದು ನಿದ್ದೆ ಆಗ್ಬೇಕು. ನಮ್ಮ ಭಾವ ಹೆಣ್ಣು ನೋಡಕ್ಕೆ ಬಂದಿದ್ದಾಗ ಊಟ ಮಾಡಿ ಸೋಫಾದಲ್ಲಿ ತೂಕಡಿಸಿ ಎದ್ದವ್ರೇ, "ಯಾರಾದ್ರೂ ಕೇಸರಿಬಾತ್ ಮಾಡ್ತಿದೀರಾ?" ಅಂದಿದ್ರು. ಮಾರನೇ ದಿನ ಒಪ್ಪಿಗೆ ಅಂತ ಫೋನ್ ಬಂತು, ಕೇಸರಿಬಾತ್ ಆಯ್ತು. ಸಭೆಗೆ ಬಂದ ಅಧಿಕಾರಿಗಳು ಮಾತ್ರ ಬಾಟಲಿ ನೀರು ಕುಡ್ದು, ಡಬ್ಬಿ ಊಟ ಮಾಡಿ, ಜೀಪ್ ಹತ್ತಿ ಹೋದ್ರು. ನಾವು ಕ್ವಾರಿ ರೋಡಿನ ತಿರುವಲ್ಲಿ ಟೆಂಟ್ ಹಾಕಿ ಪ್ರತಿಭಟನೆಗೆ ಕೂತ್ವಿ.

ವಾಸನೆ ದಿನದಿಂದ ದಿನಕ್ಕೆ ಗಟ್ಟಿ ಆಗ್ತಿತ್ತು. ಹತ್ರ ಬಂದಷ್ಟೂ ಗಟ್ಟಿ ಆಗೋದು ಅದ್ರ ಕ್ರಮ. ನಾಳೆ ಸಾರಿನ ವಾಸನೇನೂ ಅದ್ರಡಿ ಸಿಕ್ಕಾಕ್ಕೊಂಡು ಅಮ್ಮ ಮೂಗನ್ನ ಪಾತ್ರೆ ಒಳಗೇ ಇಟ್ಟು ಹುಡುಕ್ತಿದ್ಲು. ವಿರೋಧ ಪಕ್ಷದವ್ರು ಬಂದು "ನಾವು ನಿಮ್ಮ ಜೊತೆ ಇದೀವಿ" ಅಂತ ಮಾಸ್ಕ್ ಹಂಚಿದ್ರು. ಮಾಸ್ಕ್ ಮೇಲೆ ಅವ್ರ ಲೀಡರ್ ಫೋಟೋ. ಅದನ್ನ ಹಾಕ್ಕೊಂಡ್ರೆ ಸರಿಯಾಗಿ ನಮ್ಮ ಬಾಯಿ ಮೇಲೆ ಅವ್ರ ಬಾಯಿ ಬರೋದು. ನಮ್ಮ ಬೀದೀಲಿ ಒಂದಿನ ಎಲ್ರೂ ಒಂದೇ ನಗು ನಗ್ತಾ ಓಡಾಡ್ತಿದ್ರು, ಭಯ ಆಗ್ಬಿಡ್ತು ನಂಗೆ.

ಆವಾಗ್ಲೇ ಗೌರತ್ತೆಗೆ ಐಡಿಯಾ ಬಂದಿದ್ದು. "ನಮ್ಮ ಎಮ್ಮೆಲ್ಲೆಗೆ ಮೂಗು ಕೊಡ್ಸೋಣ. ಒಂದ್ಸಲ ಅವ್ನಿಗೇ ಈ ವಾಸನೆ ಬರ್ಲಿ, ಆಮೇಲೆ ಅದ್ಹೇಗೆ ಕಸ ತರ್ತಾನೋ ನೋಡೇಬಿಡ್ತೀನಿ."

ಎಮ್ಮೆಲ್ಲೆ ಜಲೇಂದ್ರಪ್ಪ ಶಾಂತಿಸಭೆ ಮಾಡಕ್ಕೆ ಬರೋರಿದ್ರು. ಇಡೀ ಬೀದಿ ಸೇರಿ ಅಡುಗೆ ಮಾಡ್ತು. ಹೋಳಿಗೆ, ಅದ್ರ ಮೇಲೆ ತುಪ್ಪದ ಕೆರೆ, ಕೋಸಂಬ್ರಿ, ಮಜ್ಜಿಗೆಹುಳಿ, ಕೊನೇಲಿ ಗಸಗಸೆ ಪಾಯಸ. ಗಸಗಸೆ ಪಾಯಸ ಅಮ್ಮಂದು, ಅದನ್ನ ಕುಡ್ದು ಎಚ್ಚರ ಇರೋ ಗಂಡಸು ಇನ್ನೂ ಹುಟ್ಟಿಲ್ಲ. "ಇನ್ನೊಂದು ಹಾಕ್ಸ್ಕೊಳ್ಳಿ ಸಾರ್, ನಮ್ಮನೆ ದೇವ್ರಾಣೆ" ಅಂತ ಗೌರತ್ತೆ ಬಡಿಸಿದ್ದೇ ಬಡಿಸಿದ್ದು. ಸಮುದಾಯ ಭವನದ ಹಿಂದಿನ ರೂಮಲ್ಲಿ ಚಾಪೆ, ದಿಂಬು, ಫ್ಯಾನ್ ಎಲ್ಲ ರೆಡಿ. "ಒಂದೈದು ನಿಮಿಷ ಮೈ ಚೆಲ್ಲಿ ಸಾರ್" ಅಂದಿದ್ದೇ ತಡ ಮನುಷ್ಯ ಒರಗ್ಬಿಟ್ರು.

ಆಮೇಲೆ ನಮ್ಮೂರು ಹಂಗೆ ಸುಮ್ನಾಗಿದ್ದು ನಾನು ಯಾವತ್ತೂ ನೋಡಿಲ್ಲ. ಇಸ್ತ್ರಿಯವ್ರು ರೇಡಿಯೋ ಆಫ್ ಮಾಡಿದ್ರು. ತಳ್ಳುಗಾಡಿಯವ್ನು ಗಾಡಿ ಎತ್ಕೊಂಡೇ ಹೋದ. ಹುಂಜಕ್ಕೆ ಗೋಣಿಚೀಲ ಮುಚ್ಚಿದ್ರು. ಪಿಎ ಬಾಗಿಲು ಬಡಿಯಕ್ಕೆ ಹೋದ್ರೆ ನಾನೂ ಅಕ್ಕಾನೂ ಅಡ್ಡ ನಿಂತ್ವಿ. ಅಕ್ಕ ಹೊಟ್ಟೆ ಮುಂದೆ ಮಾಡಿ ನಿಂತಳು, ಪಾಪ ಅವನೇನು ಮಾಡ್ತಾನೆ, ಹಿಂದೆ ಸರಿದ. ಒಳಗಿಂದ ಗೊರಕೆ. ನಂಗೂ ಅಕ್ಕಂಗೂ ನಗು ತಡ್ಕೊಳಕ್ಕಾಗ್ದೆ ಒಬ್ರ ಕೈ ಒಬ್ರು ಚಿವುಟ್ಕೊಂಡು ನಿಂತಿದ್ವಿ. ಅವತ್ತೊಂದಿನ ಅಕ್ಕ ನಿಜವಾಗ್ಲೂ ನಕ್ಕಳು.

ಗೊರಕೆ ನಿಂತೋಯ್ತು. ಒಂದು ಕೆಮ್ಮು. ಆಮೇಲೆ ದಡಬಡ ಶಬ್ದ, ಬಾಗಿಲು ತೆಗೆದ್ರೆ ಎಮ್ಮೆಲ್ಲೆ ಶಲ್ಯ ಪೂರ್ತಿ ಮುಖಕ್ಕೆ ಒತ್ಕೊಂಡಿದಾರೆ, ಕಣ್ಣಲ್ಲಿ ನೀರು ಸುರೀತಿದೆ. "ಏನ್ರೀ ಇದು! ಏನಿದು! ಕಿಟಕಿ ತೆಗೀರಿ!" ಕಿಟಕಿ ತೆಗೆದ್ರೆ ಇನ್ನೂ ಜಾಸ್ತಿ ಬಂತು. ಅವ್ರು ಗೋಡೆಗೆ ಕೈ ಕೊಟ್ಟು ಕೂತ್ಬಿಟ್ರು.

ಗೆದ್ವಿ ಅನ್ಕೊಂಡ್ವಿ. ಗೌರತ್ತೆ ನೀರು ಕೊಟ್ರು. "ಗೊತ್ತಾಯ್ತಾ ಸಾರ್? ಇದನ್ನೇ ನಾವು ಇಷ್ಟು ದಿನದಿಂದ ಉಸಿರಾಡ್ತಿರೋದು."

ಎಮ್ಮೆಲ್ಲೆ ನೀರು ಗಟಗಟ ಕುಡ್ದು ಲೋಟ ಕೆಳಗಿಟ್ರು. ಆಮೇಲೆ ಮೆಲ್ಲಗೆ ಕೇಳಿದ್ರು, "ಇದು... ನಿಮ್ಮ ಮೂಗು. ಯಾವತ್ತಾದ್ರೂ ತಪ್ಪಿದ್ಯಾ?"

"ತಪ್ಪೋದಾ!" ಅಂದ್ರು ಗೌರತ್ತೆ, ಎದೆ ಉಬ್ಬಿಸಿ. "ನಮ್ಮಜ್ಜಿ ಕಾಲದಿಂದ ಒಂದೇ ಒಂದ್ಸಲ ತಪ್ಪಿಲ್ಲ ಸಾರ್. ಕೇಳಿ ಬೇಕಾದ್ರೆ." ಎಲ್ರೂ ಕೂಗಿದ್ರು, ಇಲ್ಲ, ಯಾವತ್ತೂ ಇಲ್ಲ, ಬಂದಿದ್ದು ಬಂದೇ ಬರುತ್ತೆ. ನಾನೂ ಕೂಗಿದೆ. ಎಲ್ರಿಗಿಂತ ಜೋರಾಗಿ ಕೂಗಿದೆ.

ಎಮ್ಮೆಲ್ಲೆ ಶಲ್ಯ ಮಡಚಿ ಹೆಗಲಿಗೆ ಹಾಕ್ಕೊಂಡ್ರು. ಅವ್ರ ಮುಖದಲ್ಲಿದ್ದ ಭಯ ಹಂಗೇ ಮಡಚ್ಕೊಂಡು ಎಲ್ಲೋ ಒಳಗೆ ಹೋಯ್ತು. "ಹಂಗಾದ್ರೆ ತಾಯಿ, ಬರೋದು ಗ್ಯಾರಂಟಿ ಅಂತ ನೀವೇ ಹೇಳ್ತಿದೀರಿ. ಯಾವತ್ತೂ ತಪ್ಪದೇ ಇರೋದನ್ನ ನಾನು ತಪ್ಪಿಸ್ಬೇಕು ಅಂದ್ರೆ ನಾನೇನು ದೇವ್ರಾ?" ಹೊರಗೆ ಟೀವಿಯವ್ರ ಮುಂದೆ ಕೈ ಮುಗಿದು, "ಈ ಊರಿನ ಜನ ತುಂಬ ತಿಳುವಳಿಕೆಯವ್ರು. ಘಟಕ ಬಂದೇ ಬರುತ್ತೆ ಅಂತ ಅವ್ರೇ ಒಪ್ಕೊಂಡಿದಾರೆ. ಪರಿಹಾರದ ಬಗ್ಗೆ ಮಾತಾಡೋಣ" ಅಂದ್ರು. ಕಾರು ಹತ್ತೋವಾಗ ಗಾಜು ಏರಿಸಿದ್ದು ಎಷ್ಟು ಬೇಗ ಅಂದ್ರೆ ಶಲ್ಯದ ತುದಿ ಹೊರಗೇ ಸಿಕ್ಕಾಕ್ಕೊಂಡು ಪಟಪಟ ಅಂತ ಹಾರ್ತಾ ಹೋಯ್ತು.

ಅವತ್ತಿಂದ ಪ್ರತಿಭಟನೆ ಟೆಂಟಲ್ಲಿ ಜನ ಕಮ್ಮಿ ಆದ್ರು. ಯಾರೂ ಯಾರನ್ನೂ ಬೈಲಿಲ್ಲ. ಅವ್ರು ಹೇಳಿದ್ದು ನಮ್ಮ ಮಾತೇ ಅಲ್ವಾ. ಕಿಟಕಿ ಸಂದಿಗೆ ರಬ್ಬರ್ ಹಾಕೋವ್ನಿಗೆ ಕೈ ತುಂಬ ಕೆಲಸ. ಮೇಷ್ಟ್ರು ಮನೆ ಮಾರಾಟಕ್ಕಿದೆ ಅಂತ ಬೋರ್ಡ್ ಹಾಕಿದ್ರು, ತಗೊಳಕ್ಕೆ ಬಂದವ್ರಿಗೆ ಊಟ ಮಾಡಿ ಅಂತ ಮಾತ್ರ ಅಪ್ಪಿತಪ್ಪಿನೂ ಹೇಳ್ತಿರ್ಲಿಲ್ಲ.

ಒಂದು ಮಧ್ಯಾಹ್ನ ಟೆರೇಸಲ್ಲಿ ಬಟ್ಟೆ ತೆಗೀತಿದ್ದೆ. ಕೆಳಗೆ ನಲ್ಲಿ ಹತ್ರ ಯಾರೋ ಹೆಂಗಸ್ರು ಮಾತಾಡೋದು ಕೇಳಿಸ್ತು. "ಇನ್ನೂ ನೆತ್ತಿ ಬಂದಿಲ್ವಂತೆ. ಪಾಪ, ಬಾಯಿ ಬಿಟ್ಟು ಹೇಳಕ್ಕಾಗುತ್ತಾ." ತಿರುಗಿ ನೋಡಿದ್ರೆ ಅಕ್ಕ ನೀರಿನ ಟ್ಯಾಂಕಿನ ನೆರಳಲ್ಲಿ ಕೂತಿದ್ದಳು. ಅವಳಿಗೂ ಕೇಳಿಸಿತ್ತು.

"ಸಿಂಚು, ಒಂದು ಕೇಳ್ಲಾ? ಬರದೇ ಇದ್ದು ಆಮೇಲೆ ಆಗಿದ್ದು ಯಾವ್ದಾದ್ರೂ ಇದ್ಯಾ ನಮ್ಮೂರಲ್ಲಿ?"

ಏನಾದ್ರೂ ಜೋಕ್ ಹೊಡೀಬೇಕು ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅಕ್ಕ ನನ್ನ ಕೈ ತಗೊಂಡು ಹೊಟ್ಟೆ ಮೇಲಿಟ್ಟಳು. ಒಳಗಿಂದ ಒಂದು ಒದೆ ಬಿತ್ತು ನೋಡಿ! ಕಾಲೋ ಮೊಣಕೈಯೋ, ಸರಿಯಾಗಿ ನನ್ನ ಅಂಗೈಗೆ. "ಇದು ಇದೆ" ಅಂದಳು ಅಕ್ಕ. "ಇವತ್ತು ಇದೆ. ಮೂಗು ಇಲ್ಲ ಅಂತಿದೆ, ಕೈ ಇದೆ ಅಂತಿದೆ. ಯಾವ್ದನ್ನ ನಂಬ್ಲಿ?" ಅವಳು ಅಳ್ತಿರ್ಲಿಲ್ಲ. ಅತ್ತಿದ್ರೆ ನಂಗೆ ಅಷ್ಟು ಹೆದರಿಕೆ ಆಗ್ತಿರ್ಲಿಲ್ಲ.

ಅವತ್ತು ಸಾಯಂಕಾಲ ಅಮ್ಮ ಪಾತ್ರೇಲಿ ಮೂಗಿಟ್ಟು ಹುಡುಕಿ ಹುಡುಕಿ, "ಹಾಂ, ನಾಳೆ ಹುರುಳಿಕಾಳು ಸಾರು" ಅಂತ ಡಬ್ಬಿ ತೆಗೆದಳು.

"ನೆನೆಹಾಕ್ಬೇಡಮ್ಮ" ಅಂದಳು ಅಕ್ಕ.

"ಮತ್ತೆ ನಾಳೆ ಹೆಂಗೇ ಸಾರು ಮಾಡೋದು?"

"ಮಾಡ್ಬೇಡ. ನಾಳೆ ಚಿತ್ರಾನ್ನ ಮಾಡು."

ಅಮ್ಮ ನಕ್ಕಳು. ಅಕ್ಕ ನಗ್ಲಿಲ್ಲ. ಅಮ್ಮನ ಮುಖ ನಿಧಾನಕ್ಕೆ ಬಿಳಿಚ್ಕೊಂತು. "ವಾಸನೆ ಬಂದಿದೆ ಕಣೇ. ಬಂದಿದ್ದನ್ನ ಮಾಡ್ದೆ ಇರೋದು ಅಂದ್ರೇನು?"

"ಯಾರಾದ್ರೂ ಮಾಡ್ದೆ ಇದ್ದು ನೋಡಿದಾರಾ? ಬದನೆಕಾಯಿ ವಾಸನೆ ಬಂತು ಅಂತ ಬದನೆಕಾಯಿ ತಂದ್ವಿ. ತರದೇ ಇದ್ದಿದ್ರೆ?"

ನಿಜವಾಗ್ಲೂ, ಯಾರಿಗೂ, ಯಾವತ್ತೂ, ತೋಚೇ ಇರ್ಲಿಲ್ಲ. ಅಮ್ಮ ಹುರುಳಿಕಾಳಿನ ಡಬ್ಬೀನ ಎರಡು ಕೈಯಲ್ಲೂ ಹಿಡ್ಕೊಂಡಿದ್ಲು. ಆಮೇಲೆ ಅದನ್ನ ಅಟ್ಟದ ಮೇಲೆ ದೂಡಿಬಿಟ್ಲು.

ಮಾರನೇ ದಿನ ಚಿತ್ರಾನ್ನ ಆಯ್ತು. ನಿಂಬೆಹಣ್ಣು ಹಿಂಡೋವಾಗ ಅಮ್ಮ ದೇವ್ರ ಹೆಸರು ಹೇಳ್ತಿದ್ಲು. ಅಪ್ಪ ತಟ್ಟೆ ಮುಂದೆ ಕೂತು ಕೈ ಹಾಕ್ತಿಲ್ಲ. ಆಗ ಬಾಗಿಲು ಬಡಿದ್ರು. ನಾನು ತೆಗೆದೆ. ಗೌರತ್ತೆ. ಕೈಯಲ್ಲಿ ಮುಚ್ಚಳ ಮುಚ್ಚಿದ ಸ್ಟೀಲ್ ಪಾತ್ರೆ.

"ತಗೋ ಮರಿ, ನಮ್ಮನೇಲಿ ಹುರುಳಿಕಾಳು ಸಾರು ಜಾಸ್ತಿ ಆಗೋಯ್ತು. ನಿನ್ನೆ ನಿಮ್ಮನೇಲಿ ಹುರುಳಿ ವಾಸನೆ ಇತ್ತಲ್ಲ, ಇವತ್ತು ಹುರುಳಿ ಬೇಯಿಸೋ ಸುಳಿವೇ ಇಲ್ಲ, ನಿಮ್ಮಮ್ಮಂಗೆ ಹುಷಾರಿಲ್ವೇನೋ ಅನ್ಕೊಂಡೆ."

ಬಂದೇಬಿಡ್ತು, ಮನೆ ಬಾಗಿಲಿಗೇ, ತಾನಾಗೇ ನಡ್ಕೊಂಡು. ಹಿಂದಿಂದ ಅಕ್ಕ ಬಂದು ಬಾಗಿಲಿಗೆ ಅಡ್ಡ ಕೈ ಇಟ್ಟಳು. "ಮುಚ್ಚಳ ತೆಗೀಬೇಡಿ ಅತ್ತೆ. ವಾಪಸ್ ತಗೊಂಡೋಗಿ."

"ಏನೇ ಹಂಗಂದ್ರೆ? ನಾನು ಮಾಡಿದ್ದು ಬೇಡ್ವಾ ನಿಂಗೆ? ಬಸುರಿ ಅಂತ ತುಪ್ಪ ಬೇರೆ..."

"ನೆತ್ತಿ ಬಂದಿಲ್ಲ ಅತ್ತೆ ನಂಗೆ" ಅಂದಳು ಅಕ್ಕ. ಅದನ್ನ ಅವಳ ಬಾಯಲ್ಲಿ ಮೊದಲ್ನೇ ಸಲ ಕೇಳಿದ್ದು ನಾವು. "ಮೂಗು ಒಂದೇ ಒಂದ್ಸಲ ತಪ್ಪಿದ್ರೆ ಸಾಕು ನಂಗೆ. ಒಂದೇ ಒಂದು ಸಾರಲ್ಲಿ ತಪ್ಪಿದ್ರೂ ಸಾಕು."

ಗೌರತ್ತೆ ಅವಳನ್ನ ನೋಡಿದ್ರು, ಹೊಟ್ಟೆ ನೋಡಿದ್ರು, ಕೈಯಲ್ಲಿರೋ ಪಾತ್ರೆ ನೋಡಿದ್ರು. ಆಮೇಲೆ ಸೆರಗಿನ ತುದಿ ಎಳ್ಕೊಂಡು ಪಾತ್ರೆ ಮುಚ್ಚಳದ ಸುತ್ತ ಬಿಗಿಯಾಗಿ ಸುತ್ತಿದ್ರು. ಹಾವು ಹಿಡಿದ ಮಡಕೆ ಒಯ್ಯೋ ಥರ, ಮೈಯಿಂದ ದೂರ ಹಿಡ್ಕೊಂಡು, ಒಂದೊಂದೇ ಹೆಜ್ಜೆ ಇಟ್ಕೊಂಡು ಅವ್ರ ಮನೆಗೆ ಹೋದ್ರು. ನಾವು ಬಾಗಿಲು ಕಿಟಕಿ ಎಲ್ಲ ಮುಚ್ಚಿ ಚಿತ್ರಾನ್ನ ತಿಂದ್ವಿ. ಪ್ರತಿ ತುತ್ತಿಗೂ ಮೂಸಿ ಮೂಸಿ. ನಿಂಬೆಹಣ್ಣು, ಕಡ್ಲೆಕಾಯಿ, ಅರಿಶಿನ. ದಿನ ಮುಳುಗ್ತು. ಹುರುಳಿ ಬರ್ಲೇ ಇಲ್ಲ. ಖುಷಿ ಆಗ್ಬೇಕಿತ್ತು ಅಲ್ವಾ? ಅಪ್ಪ ಎದ್ದು ಹೋಗಿ ಗೋಡೆ ಮುಟ್ಟಿ ಮುಟ್ಟಿ ನೋಡ್ತಿದ್ರು, ಮನೆ ಇನ್ನೂ ನಿಂತಿದ್ಯಾ ಅಂತ.

ಗೌರತ್ತೆಗೆ ಹೇಳಿದ್ರೆ ಊರಿಗೆಲ್ಲ ಹೇಳಿದಂಗೆ. ಆಮೇಲೆ ಒಂದೊಂದೇ ಮನೇಲಿ ತಪ್ಪು ಅಡುಗೆ ಶುರುವಾಯ್ತು. ಇಸ್ತ್ರಿಯವ್ರಿಗೆ ಪಾಯಸ ವಾಸನೆ ಬಂದ್ರೆ ಗಂಜಿ ಕುಡಿದ್ರು. ಮೇಷ್ಟ್ರ ಮನೆಗೆ ಹೊಸ ಪೇಂಟಿನ ವಾಸನೆ ಬಂತು, ಅವ್ರು ಬೋರ್ಡ್ ಕಿತ್ತು ಹಾಕಿ ಪೇಂಟಿನವ್ನನ್ನ ಗೇಟಿಂದಾನೇ ಓಡಿಸಿದ್ರು. ಎಲ್ರೂ ಹೆದರಿಕೊಂಡೇ ಮಾಡಿದ್ರು. ತಟ್ಟೆ ಮುಂದೆ ಕೂತು ಬಾಗಿಲು ನೋಡ್ಕೊಂಡೇ ಉಂಡ್ರು. ಆದ್ರೂ ಟೆಂಟಲ್ಲಿ ಮತ್ತೆ ಜನ ಸೇರಿದ್ರು.

ಇವತ್ತು ಬೆಳಿಗ್ಗೆ ಲಾರಿ ಬಂತು. ಒಂದರ ಹಿಂದೆ ಒಂದು, ನೀಲಿ ಟಾರ್ಪಾಲು ಬಿಗಿದು ಕಟ್ಟಿದ್ದು. ಕ್ವಾರಿ ರೋಡಿನ ತಿರುವಲ್ಲಿ ಊರೇ ಕೂತಿತ್ತು. ಅಕ್ಕ ಮುಂದಿನ ಸಾಲಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು. ಲಾರಿ ಎಷ್ಟು ಹತ್ರ ನಿಂತಿತ್ತು ಅಂದ್ರೆ ಇಂಜಿನ್ ಬಿಸಿ ಮುಖಕ್ಕೆ ಹೊಡೀತಿತ್ತು. ಆ ತಣ್ಣನೆ ವಾಸನೆ ಅಂಚಲ್ಲಿ ಸ್ವಲ್ಪ ಬೆಚ್ಚಗೆ ಆಗ್ತಿರೋದು, ಅಂದ್ರೆ ನಾಳೇದು ಇವತ್ತಿಂದು ಆಗ್ತಿರೋದು, ನಂಗೆ ಗೊತ್ತಾಗ್ತಿತ್ತು. ಎಲ್ರಿಗೂ ಗೊತ್ತಾಗ್ತಿತ್ತು. ಮೆಂಬರ್ ಹಾಲೇಶಿ ಫೋನನ್ನ ಸ್ಪೀಕರಿಗೆ ಹಾಕಿ ಜನರ ಮುಂದೆ ಹಿಡ್ದ.

"ಏನ್ರಮ್ಮ ಇದು?" ಎಮ್ಮೆಲ್ಲೆ ದನಿ. "ಬರುತ್ತೆ ಅಂತ ನೀವೇ ಹೇಳಿದ್ರಲ್ಲ, ಯಾವತ್ತೂ ತಪ್ಪಿಲ್ಲ ಅಂತ. ಈಗ ಯಾಕೆ ದಾರಿಗಡ್ಡ?"

ಗೌರತ್ತೆ ಮೊಣಕಾಲಿಗೆ ಕೈ ಕೊಟ್ಟು ಎದ್ರು. "ನಿನ್ನೆ ನಮ್ಮನೇಲಿ ಬಂಗಡೆ ವಾಸನೆ ಬಂದಿತ್ತು ಸಾರ್, ಘಮಘಮ. ಇವತ್ತು ಉಪ್ಪಿಟ್ಟು ತಿಂದು ಬಂದು ಕೂತಿದೀನಿ."

ಫೋನ್ ಕಟ್ ಆಯ್ತು. ಹಾಲೇಶಿ ಫೋನು ಜೇಬಿಗಿಟ್ಟು, ಎರಡು ಹೆಜ್ಜೆ ಆ ಕಡೆ ಹೋದ, ಎರಡು ಹೆಜ್ಜೆ ಈ ಕಡೆ ಬಂದ, ಕೊನೆಗೆ ಮರದ ಕೆಳಗೆ ಒಬ್ನೇ ಕೂತ. ಲಾರಿ ಇಂಜಿನ್ ಆಫ್ ಆಗ್ಲಿಲ್ಲ. ಪೊಲೀಸ್ ವ್ಯಾನ್ ಬರ್ತಿದೆ ಅಂತ ಯಾರೋ ಅಂದ್ರು.

ಅಕ್ಕ ನನ್ನ ಹತ್ರ ಕರೆದಳು. "ಸಿಂಚು, ಪೇಟೆಗೆ ಹೋಗಿ ಬಜೆ ತಗೊಂಡು ಬಾ. ಸಾಂಬ್ರಾಣೀನೂ."

"ಈಗ್ಲಾ? ಅಕ್ಕಾ... ಬಂತಾ?"

"ಇಲ್ಲ. ಹೋಗು."

ನಾನು ಓಡಿದೆ. ಗಂಧಿಗೆ ಅಂಗಡಿ ಶಾಂತಣ್ಣ ಒಬ್ರೇ ಕೂತಿದ್ರು, ವಯಸ್ಸಾಗಿದೆ, ರೋಡಿಗೆ ಬರಕ್ಕಾಗಲ್ಲ. ಬಜೆ ಅಂದ ತಕ್ಷಣ ಮುಖ ಅರಳ್ತು. "ಅಬ್ಬ, ನೆತ್ತಿ ಬಂತಾ ನಿಮ್ಮಕ್ಕಂಗೆ?"

"ಇಲ್ಲ ಅಣ್ಣ. ಕೊಡಿ."

ಅವ್ರ ಕೈ ಡಬ್ಬಿ ಮೇಲೆ ಹಂಗೇ ನಿಂತೋಯ್ತು. ನೆತ್ತಿ ಬರದೇ ಇರೋ ಮನೆಗೆ ಬಜೆ ಕೊಟ್ಟೋರು ಯಾರೂ ಇಲ್ಲ. ಅವ್ರು ನನ್ನ ನೋಡಿದ್ರು. ನಾನು ಕೈ ಚಾಚ್ಕೊಂಡೇ ನಿಂತಿದ್ದೆ, ಬೆರಳು ಮಡಚ್ಲಿಲ್ಲ. ಮೆಲ್ಲಗೆ ಡಬ್ಬಿ ತೆಗೆದು, ಒಂದು ಬೇರು ಆರಿಸಿ, ಅದನ್ನ ಇಟ್ಟು ಇನ್ನೂ ದಪ್ಪಂದು ಆರಿಸಿ, ಒಂದು ಹಿಡಿ ಸಾಂಬ್ರಾಣಿ ಜೊತೆ ಪೇಪರಲ್ಲಿ ಸುತ್ತಿ ಕೊಟ್ರು.

ವಾಪಸ್ ಬಂದಾಗ ವ್ಯಾನ್ ಬಂದಿತ್ತು, ಪೊಲೀಸ್ರು ಇಳೀತಿದ್ರು, ಲಾರಿಯವ್ನು ಹಾರ್ನ್ ಒತ್ತಿ ಹಿಡಿದಿದ್ದ. ಅಕ್ಕ ಕುರ್ಚಿಯಿಂದ ಎದ್ದಿರ್ಲಿಲ್ಲ. ಪೊಟ್ಟಣ ಅವಳ ಕೈಗಿಟ್ಟೆ. ಅಷ್ಟು ಜನರ ಮಧ್ಯೆ, ಅಷ್ಟು ಗಲಾಟೇಲಿ, ಅವಳು ನಿಧಾನಕ್ಕೆ ಪೇಪರ್ ಬಿಚ್ಚಿ ಬಜೆ ಬೇರನ್ನ ಮೂಗಿನ ಹತ್ರ ಹಿಡ್ಕೊಂಡಳು. ಆಮೇಲೆ ನನ್ನ ಮೂಗಿಗೆ ಹಿಡಿದಳು.

ಬೆಚ್ಚಗಿತ್ತು.